ಆನೆ ಬಂದರೆ ಬರುವವರು, ಅಳಿಯ ಬಂದರೆ ಬಾರದವರು

ಮಾನ್ಯ ಸಂರಕ್ಷಣಾಧಿಕಾರಿಗಳೇ,

'ಮಾನ್ಯ' ಎನ್ನುವುದು ಅರ್ಜಿ ಬರೆದೂ ಬರೆದೂ ಕೈಗಂಟಿದ ಅಭ್ಯಾಸ, 'ಸಂರಕ್ಷಣೆ' ಎನ್ನುವುದು ಮಹಿಳೆ, ಮಕ್ಕಳ ಇಲಾಖೆಯಲ್ಲಿ ನಿಮ್ಮ ಬಾಗಿಲ ಮೇಲಿನ ಬೋರ್ಡು. ಎರಡನ್ನೂ ನಂಬಿ ಈ ಪತ್ರ ಬರೆಯುತ್ತಿಲ್ಲ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಏಳು ವರ್ಷದ ಮೊಮ್ಮಗಳನ್ನು ನಿಮ್ಮ ಕಚೇರಿಗೆ ಕರೆತಂದು ಅವಳ ತಂದೆಯ ವಶಕ್ಕೆ ಒಪ್ಪಿಸಬೇಕೆಂದು ನಮಗೆ ತಿಳಿವಳಿಕೆ ಪತ್ರ ಬಂದಿದೆ. ಆ ತಂದೆ ಇದೇ ತಿಂಗಳ ಮೂರನೇ ತಾರೀಕು ಹಾರೆಯಿಂದ ನನ್ನ ಮನೆಯ ಬಾಗಿಲು ಒಡೆದು ಒಳಗೆ ಬಂದು, ಅದೇ ಹಾರೆಯಿಂದ ನನ್ನ ಮಗಳ ದವಡೆ ಮುರಿದವನು. ಮಗು ಸದ್ಯಕ್ಕೆ ಅವನ ಬಳಿ ಇರುವುದು ಕ್ಷೇಮ ಎಂದು ನ್ಯಾಯಾಲಯಕ್ಕೆ ವರದಿ ಬರೆದವರು ನೀವು. ನಾನು ಮಗುವನ್ನು ಕಳಿಸುವುದಿಲ್ಲ. ಅವನ ಮೇಲೆ ಕತ್ತಿ ಬೀಸಿದವಳೂ ನಾನೇ, ಅದನ್ನು ಎಲ್ಲಿ ಬೇಕಾದರೂ ಒಪ್ಪಿಕೊಳ್ಳುತ್ತೇನೆ. ಕತ್ತಿ ಮಸೆದು ಆರು ತಿಂಗಳಾಗಿತ್ತು ಎನ್ನುವುದೊಂದೇ ನನ್ನ ವಿಷಾದ. ಮುಚ್ಚಿದ ಲಕೋಟೆಯಲ್ಲಿ ಕೊಟ್ಟ ಮೂರು ಅರ್ಜಿಗೂ ನಿಮ್ಮಿಂದ ಉತ್ತರ ಬಾರದ ಕಾರಣ ಇದನ್ನು ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನಾನು ಯಾರೆಂದು ನೋಡಲು ಫೈಲು ತೆಗೆಸುವ ಶ್ರಮ ಬೇಡ. ಕುಂದೂರು ಹೋಬಳಿಯ ಒಂದು ಹಳ್ಳಿಯಲ್ಲಿ ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾದವಳು. ನೀವು ಉಣ್ಣುವ ಇಲಾಖೆಯ ಉಪ್ಪನ್ನೇ ನಾನೂ ಉಂಡಿದ್ದೇನೆ, ನಿಮಗಿಂತ ಬಹಳ ಕಡಿಮೆ ಉಂಡಿದ್ದೇನೆ ಅಷ್ಟೆ. ವರದಿ ಎಂದರೇನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಆಷಾಢದ ಮಳೆಗೆ ಮಕ್ಕಳು ಬಾರದ ದಿನ ತಕ್ಕಡಿ ಮುಟ್ಟದೆ, ಹೋದ ತಿಂಗಳ ತೂಕಕ್ಕೆ ನೂರು ಗ್ರಾಂ ಸೇರಿಸಿ ಬರೆದ ಪಾಪ ನನ್ನದೂ ಇದೆ. ಅದಕ್ಕೇ ನಿಮ್ಮ ವರದಿಯ ಮೊದಲ ಪುಟ ಓದುವಾಗಲೇ ನನಗೆ ಗೊತ್ತಾಯಿತು, ಇದೂ ಕುರ್ಚಿಯಲ್ಲಿ ಕೂತು ಹಾಕಿದ ತೂಕ ಎಂದು. ನನ್ನ ಸುಳ್ಳಿನಿಂದ ಯಾವ ಮಗುವಿನ ಮೂಳೆಯೂ ಮುರಿಯಲಿಲ್ಲ. ನಿಮ್ಮದರ ಬಗ್ಗೆ ಹಾಗೆ ಹೇಳುವಂತಿಲ್ಲ.

ನನಗಿರುವವಳು ಒಬ್ಬಳೇ ಮಗಳು, ನವ್ಯಶ್ರೀ. ಅವಳ ಮಗುವಿನ ಹೆಸರು ಇಲ್ಲಿ ಬೇಡ, ಪುಟ್ಟಿ ಎನ್ನುತ್ತೇನೆ. ಅಳಿಯನ ಹೆಸರು ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ: ರವಿಚಂದ್ರ. ಹೆತ್ತೂರು ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಿಡಿದು, ಕೆಲಸ ಹಂಚಿ, ವಾರಕ್ಕೊಮ್ಮೆ ಬಟವಾಡೆ ಮಾಡುವವನು. ಅವನನ್ನು ಕಂಡರೆ ಕೂಲಿ ಲೈನಿನ ಜನವೆಲ್ಲ ಎದ್ದು ನಿಲ್ಲುತ್ತಾರೆ. ಮನೆಯಲ್ಲೂ ಹಾಗೇ ನಿಲ್ಲಬೇಕಿತ್ತು ಅವನಿಗೆ. ಮದುವೆಯಾದ ಮೂರನೇ ತಿಂಗಳು ಉಪ್ಪು ಹೆಚ್ಚಾಯಿತೆಂದು ಕುದಿಯುವ ಸಾರನ್ನು ಅವಳ ಪಾದಕ್ಕೆ ಸುರಿದ. ಬಾಣಂತನ ಮುಗಿಸಿ ಅವಳು ಗಂಡನ ಮನೆಗೆ ಮರಳಿದ ವರ್ಷ ಒಗೆಯುವ ಕಲ್ಲಿಗೆ ಅವಳ ತಲೆ ಜಜ್ಜಿದ, ಐದು ಹೊಲಿಗೆ. ಪುಟ್ಟಿಗೆ ನಾಲ್ಕು ತುಂಬಿದ ವರ್ಷ ಏಣಿಯ ಮುರಿದ ಗಳದಿಂದ ಹೊಡೆದು ಕೊರಳೆಲುಬು ಮುರಿದ. ಮೂರು ಸಲವೂ ಅವಳು ನನ್ನ ಮನೆಗೆ ಬಂದಳು, ಮೂರು ಸಲವೂ ಊರಿನ ಹಿರಿಯರಾದ ಶಾಂತಮಲ್ಲಪ್ಪನವರ ಜಗಲಿಯ ಮೇಲೆ ರಾಜಿ ಆಯಿತು. "ನೋಡವ್ವ ನವ್ಯ, ಕೈ ಎತ್ತೋನೂ ಅವನೇ, ಕೈ ಹಿಡಿದೋನೂ ಅವನೇ ಕಣವ್ವ. ನಾಳೆ ಆಸ್ಪತ್ರೆಗೆ ಕರ್ಕೊಂಡೋಗೋನೂ ಅವನೇ," ಎಂದು ಅವರು ಹೇಳಿದಾಗ ತಲೆದೂಗಿದವರಲ್ಲಿ ನಾನೂ ಒಬ್ಬಳು. ಮೂರನೇ ರಾಜಿ ಪತ್ರಕ್ಕೆ ಸಹಿ ಹಾಕಲು ಅವಳ ಬಲಗೈ ಮೇಲೇಳುತ್ತಿರಲಿಲ್ಲ. ಬಿ.ಎ. ಓದಿದ ಮಗಳ ಎಡಗೈ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿಸಿದವಳು ನಾನು. ಈ ಪತ್ರದಲ್ಲಿರುವ ಸಿಟ್ಟಿನಲ್ಲಿ ಮೊದಲ ಪಾಲು ನನ್ನದೇ, ನಿಮ್ಮದು ಆಮೇಲೆ ಬರುತ್ತದೆ.

ಎರಡು ವರ್ಷದ ಹಿಂದೆ ಅವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಾಲ್ಕನೇ ಸಲ ಬಂದಳು. ಆ ಸಲ ನಾನು ರಾಜಿಗೆ ಒಪ್ಪಲಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಿದೆವು. ಅಲ್ಲಿಂದ ನಿಮ್ಮ ಬಳಿಗೆ ಕಳಿಸಿದರು. ಮೊದಲ ದಿನವೇ ನೀವು ನಕ್ಕು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಲ್ವೇನಮ್ಮ?" ಎಂದಿರಿ. ಗಾದೆ ಗೊತ್ತಿರುವ ಅಧಿಕಾರಿ ಸಿಕ್ಕಿದ್ದು ನಮ್ಮ ಪುಣ್ಯವೇ ಸರಿ. ಆದರೆ ಸ್ವಾಮಿ, ಜಗಳಕ್ಕೆ ಇಬ್ಬರು ಬೇಡವೇ? ಒಬ್ಬ ಹೊಡೆಯುವುದು, ಒಬ್ಬಳು ಹೊಡೆಸಿಕೊಳ್ಳುವುದು ಯಾವ ಸೀಮೆಯ ಜಗಳ? ಗಾದೆ ಬೇಕೇ ಬೇಕೆಂದರೆ ಕೂಸು ಬಡವಾಯಿತು ಎನ್ನುವ ಇನ್ನೊಂದಿದೆ. ಅದನ್ನು ನೆನಪಿಟ್ಟುಕೊಳ್ಳಲೆಂದೇ ಸರ್ಕಾರ ನಿಮಗೆ ಸಂಬಳ ಕೊಡುತ್ತಿದೆ ಎಂದು ನಾನು ತಿಳಿದಿದ್ದೆ.

ಆಮೇಲೆ ನಿಮ್ಮ ಮೊದಲ ವರದಿ ಬಂತು. ನಮ್ಮ ಮನೆಗೆ ಜೀಪು ಬರುವುದಿಲ್ಲ, ಡಾಂಬರು ರಸ್ತೆಯಿಂದ ಅರ್ಧ ಮೈಲಿ ಕೆಸರಿನಲ್ಲಿ ನಡೆಯಬೇಕು. ನೀವು ಜೀಪಿನಲ್ಲೇ ಕೂತು ಫೋನು ಮಾಡಿ ನನ್ನನ್ನು ರಸ್ತೆಗೆ ಕರೆಸಿಕೊಂಡಿರಿ. ಅವನ ಕ್ವಾರ್ಟರ್ಸಿಗೆ ಮಾತ್ರ ಹೋಗಿ ಒಳಗೆ ಕೂತು ಕಾಫಿ ಕುಡಿದಿರಿ. ಅದಕ್ಕೆ ನನ್ನ ತಕರಾರಿಲ್ಲ, ಎಸ್ಟೇಟಿನ ಕಾಫಿ ಚೆನ್ನಾಗಿಯೇ ಇರುತ್ತದೆ. ಆದರೆ ಅವನ ವೃತ್ತಿಯ ಎದುರು ನೀವು ಬರೆದದ್ದೇನು? 'ಬರಹಗಾರ. ನಿಶ್ಚಿತ ವರಮಾನವಿಲ್ಲ.' ಅವನು ರೈಟರ್ ಎಂದ, ನೀವು ಬರಹಗಾರ ಎಂದು ಬರೆದುಕೊಂಡಿರಿ. ಬರಹಗಾರರು ಬಡವರೆಂಬುದು ಲೋಕಕ್ಕೇ ಗೊತ್ತಿರುವ ಸಂಗತಿ, ಆದ್ದರಿಂದ ಮಗುವಿಗೆ ಜೀವನಾಂಶ ಕೊಡುವ ಶಕ್ತಿ ಇಲ್ಲ ಎಂದೂ ಸೇರಿಸಿದಿರಿ. ಅವನು ಬರೆದ ಕಾವ್ಯ ಯಾವುದೆಂದು ಕೇಳಬಾರದಿತ್ತೇ? ನಮ್ಮ ಕಡೆ ಎತ್ತು ಮೇಯಿಸುವ ಹುಡುಗನನ್ನು ಕೇಳಿದರೂ ರೈಟರ್ ಎಂದರೆ ಯಾರೆಂದು ಹೇಳುತ್ತಿದ್ದ. ನಿಮ್ಮ ಆ ಒಂದು ಪದದಿಂದ ಎರಡು ವರ್ಷವಾಯಿತು, ಪುಟ್ಟಿಯ ಹಾಲಿಗೆ, ಸ್ಲೇಟಿಗೆ, ಜ್ವರಕ್ಕೆ ಅವನ ಕಡೆಯಿಂದ ಒಂದು ಬಿಡಿಗಾಸು ಬಂದಿಲ್ಲ. ಅವನು ಮಾತ್ರ ಹೊಸ ಬೈಕಿನಲ್ಲಿ ಓಡಾಡುತ್ತಾನೆ. ನವ್ಯ ದಿನಾ ಬೆಳಿಗ್ಗೆ ಏಳರ ಬಸ್ಸಿಗೆ ಹಾಸನದ ಗಾರ್ಮೆಂಟ್ಸಿಗೆ ಹೋಗಿ ಬರುತ್ತಿದ್ದಳು.

ಅದೇ ವರದಿಯಲ್ಲಿ ಮಗುವಿನ ಹೇಳಿಕೆಯೂ ಇದೆ. ಅವನ ಕ್ವಾರ್ಟರ್ಸಿಗೆ ಪುಟ್ಟಿಯನ್ನು ಕರೆಸಿ, ಅವನ ಎದುರೇ ನಿಲ್ಲಿಸಿ, "ನಿನಗೆ ಅಪ್ಪ ಬೇಕಾ ಅಮ್ಮ ಬೇಕಾ?" ಎಂದು ಕೇಳಿದಿರಂತೆ. ಮೂಲೆಯಲ್ಲಿ ಅವನು ಅಂದೇ ತಂದು ನಿಲ್ಲಿಸಿದ್ದ ಗುಲಾಬಿ ಬಣ್ಣದ ಸೈಕಲ್ಲಿತ್ತು. ಮಗು, "ಸೈಕಲ್ ಬೇಕು" ಎಂದಿತು. ಅದನ್ನು ನೀವು 'ಮಗುವು ತಂದೆಯತ್ತ ಒಲವು ವ್ಯಕ್ತಪಡಿಸಿದೆ' ಎಂದು ಬರೆದಿರಿ. ವರ್ಷ ದಾಟಿದ ಮೇಲೆ, ಆ ಒಲವನ್ನೇ ನಂಬಿ, ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆಯಿಂದ ಸಂಜೆಯ ತನಕ ಮಗು ತಂದೆಯ ಬಳಿ ಇರಬೇಕೆಂದು ಆದೇಶವಾಯಿತು. ನಾವು ಎಂಟು ತಿಂಗಳು ತಪ್ಪದೆ ಆಲೂರು ಬಸ್ ನಿಲ್ದಾಣಕ್ಕೆ ಕರೆದೊಯ್ದು ಬಿಟ್ಟು, ಸಂಜೆ ಕಾದು ಕರೆತಂದೆವು. ಹೋಗಿ ಬಂದ ರಾತ್ರಿ ಮಗು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿತ್ತು. ತೋಳಿನ ಮೇಲೆ ಬೆರಳಿನ ಗುರುತು ಮೂಡಿರುತ್ತಿತ್ತು. ಅಪ್ಪ ಏನು ಕೇಳಿದ ಎಂದರೆ, "ಅಮ್ಮನ್ನ ನೋಡಕ್ಕೆ ಯಾರ್ ಬತ್ತಾರೆ ಅಂತ ಕೇಳ್ತಾರೆ ಅಜ್ಜಿ. ಗೊತ್ತಿಲ್ಲ ಅಂದ್ರೆ ಹಿಂಡ್ತಾರೆ," ಎನ್ನುತ್ತಿತ್ತು.

ಹೋದ ತಿಂಗಳ ಎರಡನೇ ಭಾನುವಾರ ಸಂಜೆ ಪುಟ್ಟಿ ಬಸ್ ನಿಲ್ದಾಣದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಟವೆಲ್ ಬಿಚ್ಚಿದರೆ ಎರಡೂ ಜಡೆ ಇಲ್ಲ, ಕಿವಿಯ ಹಿಂದೆ ಕತ್ತರಿ ತಾಗಿ ರಕ್ತ ಹೆಪ್ಪುಗಟ್ಟಿದೆ. ಜಡೆ ಯಾರು ಹೆಣೆದದ್ದು ಎಂದು ಅವನು ಕೇಳಿದನಂತೆ, ಅಮ್ಮ ಎಂದಿತಂತೆ. ಗಿಡ ಸವರುವ ಕತ್ತರಿಯಿಂದ ಎರಡನ್ನೂ ಬುಡಕ್ಕೆ ಕತ್ತರಿಸಿ, ರಿಬ್ಬನ್ ಸಮೇತ ಕವರಿಗೆ ಹಾಕಿ, "ನಿಮ್ಮಮ್ಮಂಗೆ ಕೊಡು, ಮುಂದಿನ್ ಸಲ ತಲೆ ಕಳುಸ್ತೀನಿ ಅನ್ನು," ಎಂದು ಕೊಟ್ಟು ಕಳಿಸಿದ್ದ. ಮಾರನೇ ದಿನ ಆ ಕವರನ್ನು ನಿಮ್ಮ ಮೇಜಿನ ಮೇಲೆ ಇಟ್ಟೆ. ನೀವು ಇಣುಕಿ ನೋಡಿ, "ಕೂದಲು ತಾನೇ, ಬೆಳೆಯುತ್ತೆ ಬಿಡಿ. ಠಾಣೆಗೆ ಬೇಕಾದರೆ ಹೇಳಿ," ಎಂದಿರಿ. ಠಾಣೆಗೆ ಹೋದರೆ, "ಫ್ಯಾಮಿಲಿ ಮ್ಯಾಟರಮ್ಮ, ಸಂರಕ್ಷಣಾಧಿಕಾರಿಗೆ ಹೇಳಿ," ಎಂದರು. ನಿಮ್ಮಿಬ್ಬರ ನಡುವೆ ಒಂದು ಮಗುವಿನ ಜಡೆ ಹಿಡಿದುಕೊಂಡು ನಾನು ಆ ದಿನ ನಾಲ್ಕು ಸಲ ಓಡಾಡಿದೆ. ಅದರ ಮುಂದಿನ ಸರದಿಯ ಭಾನುವಾರ ನಾವು ಮಗುವನ್ನು ಕಳಿಸಲಿಲ್ಲ.

ಆಮೇಲೆ ಬಂತು ಮೂರನೇ ತಾರೀಕು. ಬೆಳಿಗ್ಗೆ ಆರೂವರೆ, ಅಂಗಳದಾಚೆಯ ಕಾಫಿ ಗಿಡವೇ ಕಾಣದಷ್ಟು ಮಂಜು. ನವ್ಯ ಬಸ್ಸಿಗೆ ಹೊರಡಲು ಡಬ್ಬಿ ಕಟ್ಟುತ್ತಿದ್ದಳು. ಬೇಲಿಯ ಬಿದಿರು ಮುರಿದ ಸದ್ದಾಯಿತು. ಹಾರೆಯಿಂದ ಬಾಳೆಗಿಡಗಳನ್ನು ಬಡಿದು ಕೆಡವುತ್ತಾ ಅವನು ತೋಟದೊಳಗಿಂದ ಬಂದ. "ಅತ್ತೆ, ಬಾಗ್ಲು ತೆಗೀರಿ. ನನ್ ಮಗೀನ ಕರ್ಕೊಂಡೋಗಕ್ ಬಂದಿವ್ನಿ," ಎಂದ. ಏನಿದ್ದರೂ ಕೋರ್ಟಿನಲ್ಲಿ ಮಾತಾಡು ಎಂದೆ. "ಕೋರ್ಟಲ್ಲಿ ರಿಪೋರ್ಟು ನನ್ ಕಡೆ ಐತೆ ಕಣತ್ತೆ," ಎಂದ. ನಿಮ್ಮ ವರದಿಯನ್ನು ಓದಿ ಅರ್ಥಮಾಡಿಕೊಂಡವನು ಅವನೊಬ್ಬನೇ ಇರಬೇಕು. ಐದಾರು ಏಟಿಗೆ ಬಾಗಿಲ ಹಲಗೆ ಸೀಳಿತು. ಒಳಗೆ ಬಂದವನೇ ಅಡ್ಡ ನಿಂತ ನವ್ಯಳ ಮುಖಕ್ಕೆ ಹಾರೆಯ ಹಿಂಬದಿಯಿಂದ ಹೊಡೆದ. ಅವಳ ಬಾಯಿಂದ ರಕ್ತ ಮತ್ತು ಎರಡು ಹಲ್ಲು ಬಂದವು. ಪುಟ್ಟಿ ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡಿತ್ತು. ಅವನು ಬಗ್ಗಿ ಕಾಲು ಹಿಡಿದು ಎಳೆದ, ಮಗು ಮಂಚದ ಕಾಲನ್ನು ತಬ್ಬಿಕೊಂಡಿತು, ಅವನು ತಿರುಚಿ ಎಳೆದ. ಆಗ ನಾನು ಗೋಡೆಯ ಗೂಟದಲ್ಲಿದ್ದ ಕತ್ತಿ ತೆಗೆದು ಬೀಸಿದೆ. ಅವನ ಎಡತೋಳಿಗೆ ಬಿತ್ತು. ಕುತ್ತಿಗೆಗೆ ಗುರಿಯಿಟ್ಟಿದ್ದೆ, ತಪ್ಪಿತು. ಸತ್ಯ ಹೇಳುತ್ತೇನೆಂದ ಮೇಲೆ ಇದನ್ನೂ ಹೇಳಬೇಕು.

ಕಾಫಿ ಗಿಡಗಳ ಆಚೆ ಚೌಡಮ್ಮನ ಮನೆ. ಐದು ಕಾಡಾನೆಗಳ ಗುಂಪು ನಮ್ಮ ಸುತ್ತಮುತ್ತ ಇದೆಯೆಂದು ಹಿಂದಿನ ಸಂಜೆಯೇ ಎಲ್ಲರ ಮೊಬೈಲಿಗೂ ಸಂದೇಶ ಬಂದಿತ್ತು. ಮಂಜಿನೊಳಗೆ ಬಿದಿರು ಮುರಿಯುವುದು, ಬಾಳೆ ಬೀಳುವುದು, ಬಾಗಿಲು ಸೀಳುವುದು ಕೇಳಿದರೆ ನಮ್ಮ ಜನಕ್ಕೆ ಬೇರೆ ಏನು ಹೊಳೆಯಬೇಕು? ಅವಳು ಒಳಗಿನಿಂದ ಅಗಳಿ ಹಾಕಿಕೊಂಡು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರಿಗೆ ಫೋನು ಮಾಡಿದಳು. "ಬೇಗ ಬನ್ನಿ ಸಾ, ಅಂಗನವಾಡಿ ಟೀಚರ್ ಮನೆಗೆ ಆನೆ ನುಗ್ಬುಟ್ಟೈತೆ. ಬಾಗ್ಲು ಮುರೀತಾ ಐತೆ." ಹನ್ನೆರಡು ನಿಮಿಷಕ್ಕೆ ಐವರು ಬಂದರು. ದೂರದಿಂದಲೇ ಪಟಾಕಿ ಸಿಡಿಸಿದರು. ಮಗುವನ್ನು ಬಿಟ್ಟು ನನ್ನ ತಲೆಯ ಮೇಲೆ ಹಾರೆ ಎತ್ತಿದ್ದವನು ಕೋವಿಯ ಸದ್ದೆಂದು ಬೆದರಿ, ಹಾರೆ ಬಿಸಾಡಿ ಹೊರಗೆ ಓಡಿ ನೇರವಾಗಿ ಅವರ ಕೈಗೇ ಸಿಕ್ಕಿದ. ಅವರಲ್ಲಿ ಹಿರಿಯನಾದ ಚಲುವಯ್ಯ ಒಳಗೆ ಬಂದು, "ಆನೆ ಎಲ್ಲಮ್ಮ?" ಎಂದು ಕೇಳಿದ. "ಹಿಡ್ಕೊಂಡಿದ್ದೀರಲ್ಲ, ಅದೇ," ಎಂದೆ. ಅವನು ನೆಲದ ಮೇಲಿದ್ದ ನನ್ನ ಮಗಳನ್ನು ನೋಡಿದ, ಮಗುವಿನ ಕಾಲು ನೋಡಿದ, ತನ್ನ ಕೋಟು ಬಿಚ್ಚಿ ಮಡಚಿ ನವ್ಯಳ ತಲೆಯ ಕೆಳಗಿಟ್ಟ. "ಇಪ್ಪತ್ ವರ್ಷದಿಂದ ಆನೆ ಓಡಿಸ್ತಿವ್ನಿ ಕಣವ್ವ. ಮಗೀನ್ ಕಾಲ್ ಹಿಡ್ದು ಹಿಂಗ್ ಎಳ್ದಿದ್ ಆನೇನ ನಾ ಕಂಡಿಲ್ಲ," ಎಂದ. ಅವರದೇ ಜೀಪಿನಲ್ಲಿ ನಾವು ಆಸ್ಪತ್ರೆ ಸೇರಿದೆವು.

ಚೌಡಮ್ಮ ಪಾಪ ಎರಡು ದಿನ ಊಟ ಬಿಟ್ಟಳು. "ಸುಳ್ ಫೋನ್ ಮಾಡ್ಬುಟ್ಟೆ ಅಂತ ನನ್ ಮೇಲೆ ಕೇಸ್ ಹಾಕ್ತಾರಾ ಟೀಚರೇ?" ಎಂದು ಕೇಳಲು ಆಸ್ಪತ್ರೆಗೇ ಬಂದಿದ್ದಳು. ಎರಡು ವರ್ಷದಲ್ಲಿ ನಮ್ಮ ಮನೆಯ ಬಗ್ಗೆ ಸರ್ಕಾರಕ್ಕೆ ಹೋದ ಸರಿಯಾದ ವರದಿ ಅವಳದೊಂದೇ ಎಂದು ನಾನು ಸಮಾಧಾನ ಹೇಳಿದೆ. ನೀವೇ ಯೋಚಿಸಿ. ಆನೆ ಎಲ್ಲಿ ಮಲಗಿದೆ, ಎತ್ತ ಹೊರಟಿದೆ ಎಂದು ತಿಳಿಯಲು ಅದರ ಕೊರಳಿಗೆ ಪಟ್ಟಿ ಕಟ್ಟಿದ್ದಾರೆ, ನಮ್ಮ ಮೊಬೈಲಿಗೆ ಹೊತ್ತುಹೊತ್ತಿಗೆ ಸುದ್ದಿ ಬರುತ್ತದೆ. ಬಾಳೆ ತುಳಿದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಮಗುವಿನ ತಲೆ ಕಳಿಸುತ್ತೇನೆಂದು ಆ ಮಗುವಿನ ಕೈಯಲ್ಲೇ ಹೇಳಿ ಕಳಿಸಿದವನು ಎಲ್ಲಿದ್ದಾನೆ, ಎತ್ತ ಹೊರಟಿದ್ದಾನೆ ಎಂದು ತಿಳಿಯುವ ಜವಾಬ್ದಾರಿ ಮಾತ್ರ ಯಾರಿಗೂ ಇಲ್ಲ. ಇನ್ನೊಮ್ಮೆ ಅವನು ಬಂದರೆ ನಾನೂ ಆನೆ ಬಂದಿದೆಯೆಂದೇ ಫೋನು ಮಾಡುತ್ತೇನೆ. ಸುಳ್ಳು ಹೇಳಿದ ತಪ್ಪಿಗೆ ಏನು ಶಿಕ್ಷೆಯೋ ಅನುಭವಿಸುತ್ತೇನೆ.

ಠಾಣೆಯವರು ಮೊದಲು ಅವನ ದೂರು ಬರೆದುಕೊಂಡರು, ಏಕೆಂದರೆ ಅವನಿಗೆ ಮಾತಾಡಲು ಬರುತ್ತಿತ್ತು. ಏಳು ಹೊಲಿಗೆಯ ತೋಳು ತೋರಿಸಿ, ಮಗುವನ್ನು ನೋಡಲು ಹೋದ ತಂದೆಯ ಮೇಲೆ ಅತ್ತೆ ಕತ್ತಿ ಬೀಸಿದಳೆಂದ. ನನ್ನನ್ನು ಕರೆದೊಯ್ದರು, ಜಾಮೀನಿನ ಮೇಲೆ ಬಿಟ್ಟರು. ಅವನೂ ಜಾಮೀನು ಪಡೆದು ಮೂರನೇ ದಿನ ಹಾಜರಿ ಪುಸ್ತಕ ಹಿಡಿದು ಕೆಲಸಕ್ಕೆ ಹೋದ. ನನ್ನ ಮಗಳ ದವಡೆಗೆ ವೈದ್ಯರು ತಂತಿ ಬಿಗಿದಿದ್ದಾರೆ, ಆರು ವಾರ ಬಾಯಿ ತೆರೆಯುವಂತಿಲ್ಲ, ನಳಿಗೆಯಲ್ಲಿ ಗಂಜಿ ಹೀರುತ್ತಾಳೆ. ಅವಳ ಹಾಸಿಗೆಯ ಪಕ್ಕದಲ್ಲಿ ನಿಂತು ನೀವು ಪ್ರಶ್ನೆ ಕೇಳಿ ಹೋದಿರಿ. ನಿಮ್ಮ ಎರಡನೇ ವರದಿ ಹೀಗಿದೆ: 'ತಾಯಿಯು ಪ್ರಶ್ನೆಗಳಿಗೆ ಉತ್ತರಿಸದೆ ಅಸಹಕಾರ ತೋರಿರುತ್ತಾರೆ.' ಮೂಳೆಗೆ ಬಿಗಿದ ತಂತಿ ನಿಮಗೆ ಅಸಹಕಾರವಾಗಿ ಕಂಡಿತು. ಒಂದು ಹಾಳೆ, ಒಂದು ಪೆನ್ನು ಕೊಟ್ಟಿದ್ದರೆ ಅವಳು ಬರೆದು ಕೊಡುತ್ತಿದ್ದಳು. ಈ ಸಲ ಅವಳ ಬಲಗೈ ಚೆನ್ನಾಗಿಯೇ ಇತ್ತು. ಅಜ್ಜಿ ಆಯುಧ ಬಳಸುವ ಪ್ರವೃತ್ತಿಯವಳು, ಮಗುವಿನ ಕಾಲು ಆಟವಾಡುವಾಗ ಉಳುಕಿದೆ, ಆದ್ದರಿಂದ ಮುಂದಿನ ವಿಚಾರಣೆಯ ತನಕ ಮಗು ತಂದೆಯ ಬಳಿ ಇರುವುದು ಸೂಕ್ತ ಎಂದು ಮುಗಿಸಿದ್ದೀರಿ. ನ್ಯಾಯಾಲಯ ನಿಮ್ಮನ್ನು ನಂಬಿತು. ನಂಬದೆ ಏನು ಮಾಡೀತು, ಅದರ ಕಣ್ಣು ನೀವೇ ಅಲ್ಲವೇ?

ನನ್ನ ಬೇಡಿಕೆ ಇಷ್ಟು. ಭಾನುವಾರಕ್ಕೆ ಮೊದಲು ಜೀಪು ಇಳಿದು ಆ ಅರ್ಧ ಮೈಲಿ ನಡೆದು ಬನ್ನಿ. ಒಡೆದ ಬಾಗಿಲು ನೋಡಿ, ಆಸ್ಪತ್ರೆಯ ಚೀಟಿ ಓದಿ, ಚಲುವಯ್ಯನನ್ನೂ ಚೌಡಮ್ಮನನ್ನೂ ಕೇಳಿ. ಎಸ್ಟೇಟಿನ ಸಂಬಳದ ಪುಸ್ತಕ ತರಿಸಿ ನೋಡಿ. 'ನನ್ನ ವರದಿ ತಪ್ಪು' ಎಂದು ನೀವು ನ್ಯಾಯಾಲಯಕ್ಕೆ ಒಂದೇ ಒಂದು ಸಾಲು ಬರೆದುಕೊಡಿ. ತಪ್ಪಾಯಿತು ಎಂದರೆ ಯಾರ ಕುರ್ಚಿಯೂ ಮುರಿಯುವುದಿಲ್ಲ, ನಾನು ಈ ಪತ್ರದಲ್ಲೇ ಎರಡು ಸಲ ಹೇಳಿದ್ದೇನೆ. ನನ್ನನ್ನು ಜೈಲಿಗೆ ಹಾಕುವುದಿದ್ದರೆ ಹಾಕಿ, ಮಗು ಅದರ ತಾಯಿಯ ಬಳಿ ಇರಲಿ.

ಇದು ಆಗದೆ ಹೋದರೆ ಭಾನುವಾರ ನಾವು ನಿಮ್ಮ ಕಚೇರಿಗೆ ಬರುವುದಿಲ್ಲ, ನೀವೇ ನಮ್ಮ ಮನೆಗೆ ಬನ್ನಿ. ಬಾಗಿಲು ತೆಗೆಯಿರಿ ಎಂದು ಕೂಗಬೇಕಾಗಿಲ್ಲ, ಬಾಗಿಲು ಇಲ್ಲ. ಅಂಗಳದಲ್ಲಿ ಹೆಜ್ಜೆ ಸದ್ದಾದರೆ ಪುಟ್ಟಿ ಮಂಚದ ಕೆಳಗೆ ಹೋಗಿಬಿಡುತ್ತದೆ, ಅಂಚೆಯವನು ಬಂದರೂ ಅಷ್ಟೆ. ನಾನು ಅಡ್ಡ ನಿಲ್ಲುವುದಿಲ್ಲ, ಕತ್ತಿ ಠಾಣೆಯವರ ಬಳಿ ಇದೆ. ನವ್ಯ ಕೂಗಲಾರಳು. ನೀವೇ ಬಗ್ಗಿ, ನೀವೇ ಕೈ ಹಾಕಿ, ಎಳೆದು ತೆಗೆದು, ಅವನ ಕೈಗೆ ಕೊಡಿ. ಒಂದೇ ಪ್ರಾರ್ಥನೆ, ಬಲಗಾಲು ಹಿಡಿದು ಎಳೆಯಬೇಡಿ. ಅದರ ಪ್ಲಾಸ್ಟರ್ ಪಟ್ಟಿ ಬಿಚ್ಚಲು ಇನ್ನೂ ಹನ್ನೊಂದು ದಿನ ಇದೆ.

ಇಂತಿ,
ಮಗಳನ್ನು ಮೂರು ಸಲ ವಾಪಸು ಕಳಿಸಿದವಳು, ಮೊಮ್ಮಗಳನ್ನು ಕಳಿಸಲಾರದವಳು,
ರಾಜಲಕ್ಷ್ಮಮ್ಮ
ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಸದ್ಯ ಜಾಮೀನಿನ ಮೇಲೆ
ಕುಂದೂರು ಹೋಬಳಿ